ಇಪ್ಪತ್ತು ತಗಡುಗಳ ಮಳೆಗಾಲ

ಹೋದ ತಿಂಗಳು ಮತ್ತಿಗಿರಿಯ ನಮ್ಮ ಬೀದಿಯಲ್ಲಿ ಎದುರುಮನೆಯವರು ಹೊಸ ಕಬ್ಬಿಣದ ಗೇಟು ಹಾಕಿಸಿದರು. ವೆಲ್ಡಿಂಗ್ ಅಂಗಡಿಯಿಂದ ಬಂದ ಗೇಟನ್ನು ಒರೆಸದೆ ಪೇಂಟರು ನೇರವಾಗಿ ಬಣ್ಣ ಬಳಿಯತೊಡಗಿದ. ತಿನ್ನರ್ ವಾಸನೆ ನಮ್ಮ ಜಗಲಿಯವರೆಗೂ ಬಂತು. ಎದ್ದು ಹೋಗಿ ನೋಡಿದೆ. ಬಳಿದ ಬಣ್ಣ ಅಲ್ಲಲ್ಲಿ ಹಿಂದಕ್ಕೆ ಸರಿದು, ನಡುವೆ ಬರಿ ಕಬ್ಬಿಣದ ಸಣ್ಣ ಸಣ್ಣ ಕಣ್ಣುಗಳು ತೆರೆದುಕೊಂಡಿದ್ದವು.

“ಬಣ್ಣ ಸರಿ ಇಲ್ಲ ಯಜಮಾನ್ರೇ, ಇತ್ತೀಚೆಗೆ ಕಂಪನಿ ಮಾಲೇ ಹಿಂಗೆ ಬತ್ತೈತೆ,” ಅಂದ ಪೇಂಟರು.

“ಬಣ್ಣ ಸರಿಯಾಗೇ ಐತೆ ಕಣಪ್ಪಾ. ಗೇಟಿನ ಮೇಲೆ ಎಣ್ಣೆ ಐತೆ. ವಾಷಿಂಗ್ ಸೋಡಾ ನೀರಲ್ಲಿ ಒರೆಸಿ ಹೊಡಿ,” ಅಂದೆ.

ಅವನು ನನ್ನ ನೆರೆತ ತಲೆಯನ್ನೊಮ್ಮೆ ನೋಡಿ, ನಕ್ಕು, ಕೆಲಸ ಮುಂದುವರಿಸಿದ. ನಾನು ವಾದಿಸಲಿಲ್ಲ. ತಪ್ಪನ್ನು ಬಣ್ಣದ ಮೇಲೆ ಹಾಕುವುದು ಸುಲಭ. ಅದಕ್ಕಿಂತ ದೊಡ್ಡ ತಪ್ಪೊಂದು ಬೇರೆಯವರ ತಲೆಯ ಮೇಲೆ ಕೂತಿದ್ದಾಗ ಅದನ್ನು ನೋಡುತ್ತಾ ವಾರಗಟ್ಟಲೆ ಸುಮ್ಮನಿದ್ದವನು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹೊಸೂರಿನ ಸುತ್ತ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿತ್ತು. ನಿನ್ನೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವನು ಇವತ್ತು ಖಾಕಿ ಅಂಗಿ ತೊಟ್ಟು ಆಪರೇಟರ್ ಆಗುತ್ತಿದ್ದ. ನಾನಿದ್ದ ಕಾರ್ಖಾನೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ತಗಡಿನ ಡಬ್ಬಿ ಮಾಡುತ್ತಿದ್ದರು. ಬಾವಿಯ ಪಕ್ಕದ ಕೋಣೆಯಲ್ಲಿ ಗೋಡೆಗೆ ತಗುಲಿ ಹಾಕಿರುತ್ತಾರಲ್ಲ, ಕೆಂಪು ಗುಂಡಿ ಹಸಿರು ಗುಂಡಿ ಇರುವ ಬೂದು ಬಣ್ಣದ ಡಬ್ಬಿ, ಅದೇ. ಪ್ರೆಸ್ಸಿನಲ್ಲಿ ತಗಡು ಮಡಿಸುವಾಗ ಎಣ್ಣೆ ಹಾಕುತ್ತಾರೆ. ಎಣ್ಣೆ ಮೆತ್ತಿಕೊಂಡು ಬಂದ ಡಬ್ಬಿಯನ್ನು ಕುದಿಯುವ ಸೋಡಾ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ತಣ್ಣೀರಿನಲ್ಲಿ ಎರಡು ಸಲ ತೊಳೆದು, ಒಣಗಿಸಿ ಮುಂದಕ್ಕೆ ಕಳಿಸುವುದು ನನ್ನ ಕೆಲಸ. ಮುಂದೆ ಎರಡು ಪೇಂಟ್ ತೊಟ್ಟಿಗಳಿದ್ದವು. ಮೊದಲನೆಯದರಲ್ಲಿ ಅದ್ದಿ, ಒಲೆಯಲ್ಲಿ ಒಣಗಿಸಿ, ಮತ್ತೆ ಎರಡನೆಯದರಲ್ಲಿ ಅದ್ದುತ್ತಿದ್ದರು. ಎರಡನೇ ತೊಟ್ಟಿ ಯಲ್ಲಪ್ಪನದು. ಬೇರಿಕೆ ಊರಿನವನು, ನನ್ನ ವಾರಿಗೆಯವನು. ಮತ್ತಿಗಿರಿಯಲ್ಲಿ ನಮ್ಮ ಬಾಡಿಗೆ ಮನೆಗಳು ಒಂದೇ ವಠಾರದಲ್ಲಿದ್ದವು. ಕೆಲಸಕ್ಕೆ ಹೋಗುವಾಗ ಬರುವಾಗ ಎರಡು ಸೈಕಲ್ಲು ಒಟ್ಟಿಗೇ.

ನಾನು ಓದಿದ್ದು ಆರನೇ ಕ್ಲಾಸು. ಅದರ ಬಗ್ಗೆ ನನಗೆ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಸ್ಕೂಲು ಬಿಟ್ಟವನು ನಮ್ಮ ಸೋದರಮಾವನ ಜೊತೆ ಕಲಾಯಿ ಹಾಕುತ್ತಾ ಬಾಗಲೂರು ಸುತ್ತಮುತ್ತ ಊರೂರು ತಿರುಗಿದೆ. ತಾಮ್ರದ ಪಾತ್ರೆಯನ್ನು ಹುಣಸೆಹಣ್ಣು, ಮರಳು ಹಾಕಿ ಕಾಲಲ್ಲಿ ತಿರುವಿ ತಿರುವಿ ಉಜ್ಜಿ, ಬೆಂಕಿಯ ಮೇಲಿಟ್ಟು, ನವಸಾಗರದ ಪುಡಿ ಉದುರಿಸಿ ತವರ ಮುಟ್ಟಿಸಿದರೆ ಅದು ಬೆಳದಿಂಗಳ ಹಾಗೆ ಪಾತ್ರೆಯ ತುಂಬ ಹರಡಿಕೊಳ್ಳಬೇಕು. ಒಂದು ಬೆರಳಷ್ಟು ಜಾಗದಲ್ಲಿ ಜಿಡ್ಡು ಉಳಿದಿದ್ದರೂ ತವರ ಅಲ್ಲಿಗೆ ಹೋಗದೆ ಗುಂಡಾಗಿ ನಿಂತುಬಿಡುತ್ತದೆ. ಆಗ ಮಾವನ ಕೈ ನನ್ನ ಬೆನ್ನಿಗೆ ಬೀಳುತ್ತಿತ್ತು. ದ್ರವ ಯಾವುದೇ ಇರಲಿ, ಅದು ಓಡುವುದು ತಾನಿರುವ ಲೋಹದ ಶುಚಿಯನ್ನು ನೋಡಿಕೊಂಡು ಎಂದು ನನಗೆ ಹದಿನಾಲ್ಕನೇ ವಯಸ್ಸಿಗೇ ಗೊತ್ತಿತ್ತು. ಕಾರ್ಖಾನೆಯಲ್ಲೂ ಹಾಗೇ. ತೊಳೆದ ಡಬ್ಬಿಯ ಮೇಲೆ ಒಂದು ಚೊಂಬು ನೀರು ಹುಯ್ದು ನೋಡುತ್ತಿದ್ದೆ. ನೀರು ಹಾಳೆಯ ಹಾಗೆ ಒಂದೇ ಸಮ ನಿಂತರೆ ಶುಚಿ, ಒಡೆದು ಹನಿಹನಿಯಾದರೆ ಎಣ್ಣೆ. ಈ ಶಾಪಿನಲ್ಲಿ ತೊಳೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಹತ್ತು ಜನರ ಮುಂದೆ ಹೇಳಿಕೊಂಡಿದ್ದವನು ನಾನು. ಆಯುಧಪೂಜೆಯ ಹೊತ್ತಿಗೆ ನನ್ನನ್ನು ಆಳುಗಳ ಮೇಲಿನ ಮೇಸ್ತ್ರಿ, ಅಂದರೆ ಚಾರ್ಜ್‌ಮ್ಯಾನ್ ಮಾಡುತ್ತಾರೆ ಎಂಬ ಮಾತೂ ಓಡಾಡುತ್ತಿತ್ತು.

ಆ ವರ್ಷ ಮುಂಗಾರು ಬೇಗ ಹಿಡಿಯಿತು. ರಾಗಿ ಪೈರು ಗೇಣುದ್ದ ಬಂದಿದ್ದಾಗ ಬೆಂಗಳೂರಿನಿಂದ ವಸುಧಾ ಎಂಬ ಹೆಣ್ಣುಮಗಳು ನಮ್ಮ ಶಾಪಿಗೆ ಬಂದರು. ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು, ಇಪ್ಪತ್ತೈದರ ಒಳಗಿನ ವಯಸ್ಸು. ದ್ರವಗಳು ಲೋಹದ ಮೇಲೆ ಹೇಗೆ ಹರಡುತ್ತವೆ, ಎಲ್ಲಿ ನಿಲ್ಲುತ್ತವೆ, ಯಾವಾಗ ಹಿಂದಕ್ಕೆ ಸರಿಯುತ್ತವೆ ಎನ್ನುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳುವುದು ಅವರ ವಿಷಯ. ನಮ್ಮ ಮ್ಯಾನೇಜರಿಗೆ ಅದರಲ್ಲಿ ಆಸೆ ಹುಟ್ಟಿತ್ತು. ಪೇಂಟನ್ನು ತೆಳು ಮಾಡಿ ಎರಡು ಅದ್ದಿನ ಬದಲು ಒಂದೇ ಅದ್ದಿನಲ್ಲಿ ಕೆಲಸ ಮುಗಿಸಬಹುದೇ ಎಂದು ಅವರಿಗೆ ತಿಳಿಯಬೇಕಿತ್ತು.

ಕಂಪ್ಯೂಟರ್ ಎಂದರೆ ನಮಗೆ ಬರೀ ಹೆಸರು. ಮೊದಲ ದಿನ ಕ್ಯಾಂಟೀನಿನಲ್ಲಿ ಯಲ್ಲಪ್ಪನೇ ಬಾಯಿ ಬಿಟ್ಟ.

“ಅಮ್ಮಾ, ಆ ಕಂಪ್ಯೂಟರಿಗೆ ಪೇಂಟ್ ಅಂದ್ರೆ ಗೊತ್ತಾ?”

“ಗೊತ್ತಿಲ್ಲ. ಅದಕ್ಕೆ ಲೆಕ್ಕ ಮಾತ್ರ ಗೊತ್ತು. ಪೇಂಟ್ ಹೇಗಿರುತ್ತೆ ಅಂತ ನಾನು ಹೇಳಬೇಕು.”

“ನಿಮಗ್ ಗೊತ್ತಾ?”

“ಅಷ್ಟಾಗಿ ಗೊತ್ತಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದೀನಿ.”

ಯಲ್ಲಪ್ಪ ನನ್ನ ಕಡೆ ತಿರುಗಿದ. “ನೋಡ್ಲಾ ತಿಮ್ಮ, ಓದಿದೋರು ಎಷ್ಟು ಸಲೀಸಾಗಿ ಒಪ್ಕಂಬುಟ್ರು. ನೀನಾಗಿದ್ರೆ ಸಾಯೋಗಂಟ ಗೊತ್ತಿಲ್ಲ ಅಂತಿದ್ದಾ?”

ಅವರು ನಕ್ಕು, ಒಂದು ಹಾಳೆಯ ಮೇಲೆ ಗೆರೆ ಎಳೆದು ಚೌಕಗಳನ್ನು ಮಾಡಿದರು. “ತಗಡು ಪೂರ್ತಿ ಹೀಗೆ ಚೌಕ ಇದೆ ಅಂದ್ಕೊಳ್ಳಿ. ಮೇಲಿನ ಚೌಕದಿಂದ ಎಷ್ಟು ಪೇಂಟ್ ಕೆಳಗಿಳೀತು, ಪಕ್ಕಕ್ಕೆ ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಒಂದೊಂದಕ್ಕೂ ಲೆಕ್ಕ. ಎಲ್ಲ ಮುಗಿದ ಮೇಲೆ ಒಂದು ಕ್ಷಣ ಮುಂದಕ್ಕೆ ಹೋಗಿ ಮತ್ತೆ ಮೊದಲಿಂದ ಲೆಕ್ಕ. ಕೈಯಲ್ಲಿ ಮಾಡಿದ್ರೆ ನನ್ನ ಆಯಸ್ಸು ಸಾಲಲ್ಲ.”

“ಕೊತ್ತಂಬರಿ ಮಡಿಗೆ ನೀರು ಕಟ್ದಂಗೆ,” ಅಂದೆ.

“ಹೇಗೆ?” ಎಂದು ಕೇಳಿದರು.

“ಕಾಲುವೆಯಿಂದ ಒಂದು ಮಡಿಗೆ ನೀರು ಬಿಡ್ತೀವಿ. ಅದು ತುಂಬ್ತಿದ್ದಂಗೆ ಮಣ್ಣು ಎಳೆದು ಪಕ್ಕದ ಮಡಿಗೆ ಬಾಯಿ ತೆಗೀತೀವಿ. ಯಾವ ಮಡೀಲಿ ಎಷ್ಟು ನಿಂತೈತೆ, ಯಾವುದು ಇನ್ನೂ ಕುಡೀತೈತೆ, ನೀರು ಕಟ್ಟೋನ ಕಣ್ಣಲ್ಲಿ ಇರ್ತೈತೆ. ನಿಮ್ಮ ಮಿಷನ್ನು ನೀರು ಕಟ್ಟೋ ಆಳು ಅನ್ನಿ.”

ಅದನ್ನು ಅವರು ಪುಸ್ತಕದಲ್ಲಿ ಬರೆದುಕೊಂಡರು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ಆಮೇಲೆ ಅವರು ಹೇಳಿದ್ದನ್ನು ನಾನು ಇನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು. “ಕಷ್ಟ ಇರೋದು ಅಂಚಿನಲ್ಲಿ, ತಿಮ್ಮರಾಯಪ್ಪನವರೇ. ಪೇಂಟ್ ಮುಗಿದು ಬರೀ ತಗಡು ಶುರುವಾಗೋ ಕಡೆ. ಅಲ್ಲಿ ಅದು ಮುಂದಕ್ಕೆ ಹೋಗುತ್ತೋ ಹಿಂದಕ್ಕೆ ಬರುತ್ತೋ ಅನ್ನೋದು ತಗಡಿನ ಗುಣ. ಅದನ್ನ ನಾನು ಅಳೆದು ಕೊಟ್ರೇನೇ ಕಂಪ್ಯೂಟರಿಗೆ ಗೊತ್ತಾಗೋದು. ನಿಮ್ಮ ತೊಟ್ಟಿಯಿಂದ ಬಂದ ಇಪ್ಪತ್ತು ತಗಡು ಬೇಕು, ದಿನಾ ಹೇಗೆ ಬರುತ್ತೋ ಹಾಗೆ.”

ಅಂದು ಸಂಜೆ ನಮ್ಮ ಫೋರ್‌ಮನ್ ಸೆಲ್ವರಾಜ್ ಬಂದು ಬೆನ್ನು ತಟ್ಟಿದರು. “ಎನ್ನಪ್ಪಾ ತಿಮ್ಮರಾಯಪ್ಪ, ಮೇಡಂಗೆ ಇಪ್ಪತ್ತು ಪೀಸ್ ಚೆನ್ನಾಗಿ ಕೊಡು, ಸರಿಯಾ? ನಮ್ಮ ಶಾಪ್ ಮಾನ ಇದೆ ಅದರಲ್ಲಿ.”

ನಮ್ಮ ಕಡೆ ನೆಂಟರು ಬಂದರೆ ದಿನಾ ಉಣ್ಣುವ ತಟ್ಟೆಯನ್ನು ಮುಂದಿಡುವುದಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ತಟ್ಟೆ ಇಳಿಸಿ, ಬೆಳಗಿ ಇಡುತ್ತೇವೆ. ಕಲಾಯಿಯ ಮಾವ ಕೂಡ ಸಂತೆಯಲ್ಲಿ ತೋರಿಸಲು ಒಂದು ಚೊಂಬನ್ನು ಬೇರೆಯಾಗಿಯೇ ಉಜ್ಜಿ ಇಟ್ಟುಕೊಂಡಿರುತ್ತಿದ್ದ. ನಾನು ಮಾಡಿದ್ದು ಅದೇ. ಅಂಗೈಯಗಲ ಕತ್ತರಿಸಿದ ಇಪ್ಪತ್ತು ತಗಡುಗಳನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರ ಮನೆಗೆ ತಂದೆ. ಬಚ್ಚಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಒಲೆ ಬೂದಿ ಹಾಕಿ ಉಜ್ಜಿದೆ. ಆಮೇಲೆ ಸೀಗೆಪುಡಿ. ಮತ್ತೆ ಬಿಸಿನೀರು. ತುಕ್ಕು ಹಿಡಿಯಬಾರದೆಂದು ಒಂದೊಂದನ್ನೂ ಒಗೆದ ಬಟ್ಟೆಯಲ್ಲಿ ಒರೆಸಿ ಒಲೆಯ ಪಕ್ಕ ಬೆಚ್ಚಗೆ ಸಾಲಾಗಿ ಇಟ್ಟೆ.

“ಹೆಣ್ಣು ನೋಡೋಕ್ ಬರ್ತಾರೆ ಅಂತ ಅಲಂಕಾರ ಮಾಡ್ದಂಗೆ ಮಾಡ್ತಿದ್ದೀಯಲ್ಲ,” ಅಂದಳು ನನ್ನ ಹೆಂಡತಿ ಮುನಿಯಮ್ಮ. “ನಮ್ಮನೆ ದೀಪಕ್ಕೆ ಒಂದ್ ದಿನ ಹಿಂಗೆ ಕೈ ಹಚ್ಚಿದ್ದಾ?”

“ಇದು ಕಾಲೇಜಿಗೆ ಹೋಗೋದು ಕಣೇ.”

“ಹಂಗಾದ್ರೆ ಕುಂಕುಮಾನೂ ಇಕ್ಕು.”

ಸೋಮವಾರ ವಸುಧಾ ಅವರು ಶಾಪಿನ ಮೂಲೆಯ ಮೇಜಿನ ಮೇಲೆ ಟಾರ್ಚು, ಭೂತಗನ್ನಡಿ, ಔಷಧಿ ಹಾಕುವ ಗಾಜಿನ ನಳಿಕೆ ಜೋಡಿಸಿದರು. ತಗಡಿನ ಮೇಲೆ ಪೇಂಟಿನ ಒಂದು ಹನಿ ಇಟ್ಟು, ಅದರ ನೆರಳನ್ನು ಗೋಡೆಯ ಹಾಳೆಯ ಮೇಲೆ ಬೀಳಿಸಿ, ಹನಿಯ ಅಂಚು ತಗಡಿಗೆ ಎಷ್ಟು ಓರೆಯಾಗಿ ಕೂಡುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ಅಳೆದರು. ಹನಿ ನಿಲ್ಲಲೇ ಇಲ್ಲ. ಇಟ್ಟ ಕೂಡಲೇ ಚಪ್ಪಟೆಯಾಗಿ ಹರಡಿತು. ಇಪ್ಪತ್ತರಲ್ಲೂ ಹಾಗೇ.

“ಎಲ್ಲಾ ಒಂದೇ ಥರ ಇದಾವೆ!” ಅಂದರು ಅವರು, ನಂಬಲಾರದೆ. “ಲ್ಯಾಬಿನಲ್ಲಿ ನಮಗೇ ಇಷ್ಟು ಶುಚಿ ಬರಲ್ಲ. ದಿನಾ ಹೀಗೇ ಬರ್ತಾವಾ?”

ಯಲ್ಲಪ್ಪ ಅಲ್ಲೇ ನಿಂತಿದ್ದ. ಸೆಲ್ವರಾಜ್ ನಿಂತಿದ್ದರು. ನನ್ನ ಎದೆ ಉಬ್ಬಿತ್ತು.

“ಹೂಂ ಅಮ್ಮಾ. ನನ್ನ ತೊಟ್ಟಿಯಿಂದ ಹಿಂಗೇ ಬರೋದು,” ಅಂದೆ.

ನಿಜ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ಸೋಡಾ ನೀರನ್ನು ವಾರಕ್ಕೊಮ್ಮೆ ಬದಲಿಸಬೇಕು. ನಾವು ಎರಡು ವಾರ ಎಳೆಯುತ್ತಿದ್ದೆವು. ಸೆಲ್ವರಾಜ್ ಎಳೆಯಲು ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಹೊಸ ನೀರಿನ ಮೊದಲ ದಿನಗಳಲ್ಲಿ ಡಬ್ಬಿ ಕನ್ನಡಿ. ದಿನ ಕಳೆದಂತೆ ಬಿಟ್ಟ ಎಣ್ಣೆಯೆಲ್ಲ ಮೇಲೆ ತೇಲಿ ಕೆನೆಗಟ್ಟುತ್ತಿತ್ತು. ಡಬ್ಬಿಯನ್ನು ಮೇಲಕ್ಕೆತ್ತುವಾಗ ಆ ಕೆನೆಯನ್ನೇ ದಾಟಿ ಬರಬೇಕು. ಒಳಗೆ ಬಿಟ್ಟದ್ದು ಹೊರಗೆ ಬರುವಾಗ ಮತ್ತೆ ಅಂಟುತ್ತಿತ್ತು. ಅಂಥ ದಿನಗಳಲ್ಲಿ ನಾನು ಚೊಂಬಿನ ಪರೀಕ್ಷೆ ಮಾಡುತ್ತಿರಲಿಲ್ಲ. ಮಾಡಿದರೆ ನೋಡಬೇಕಾಗುತ್ತಿತ್ತು. ಮೊದಲ ಅದ್ದಿನಲ್ಲಿ ಬಿಟ್ಟ ಕಣ್ಣುಗಳನ್ನು ಎರಡನೇ ಅದ್ದಿನಲ್ಲಿ ಯಲ್ಲಪ್ಪ ಮುಚ್ಚುತ್ತಿದ್ದ. ಅವನಿಗೆ ಅದು ಗೊತ್ತಿತ್ತು, ಎಂದೂ ಆಡಿ ತೋರಿಸಿರಲಿಲ್ಲ.

ವಸುಧಾ ಅವರು ಅಳತೆಯನ್ನು ಬೆಂಗಳೂರಿಗೆ ಒಯ್ದು, ಆ ಕಾಲದ ಕಂಪ್ಯೂಟರು ಓದುತ್ತಿದ್ದ ರಟ್ಟಿನ ಕಾರ್ಡುಗಳಲ್ಲಿ ತೂತು ಮಾಡಿಸಿ, ಕಂಪ್ಯೂಟರ್ ಕೋಣೆಗೆ ಕೊಟ್ಟು, ಪಾಳಿಗಾಗಿ ಕಾದು, ಎರಡು ವಾರದ ಮೇಲೆ ಅಂಚಿನಲ್ಲಿ ತೂತುಗಳಿದ್ದ ಅಗಲವಾದ ಕಾಗದದ ಕಟ್ಟು ತಂದರು. ಬಿಚ್ಚಿದರೆ ಮಡಿಕೆ ಮಡಿಕೆಯಾಗಿ ನೆಲದ ಮೇಲೆ ಹಾಸಿಕೊಳ್ಳುತ್ತಿತ್ತು. ತುಂಬ ನಕ್ಷತ್ರದ ಗುರುತುಗಳು. ನಕ್ಷತ್ರ ಇದ್ದ ಕಡೆ ಪೇಂಟು, ಖಾಲಿ ಇದ್ದ ಕಡೆ ಬರಿ ತಗಡು. ಡಬ್ಬಿಯನ್ನು ಮೇಲೆತ್ತಿದ ಕ್ಷಣದಿಂದ ಒಲೆಗೆ ಹೋಗುವವರೆಗೆ ಪೇಂಟು ಹೇಗೆ ಇಳಿಯುತ್ತದೆ ಎಂದು ಹಾಳೆಯಿಂದ ಹಾಳೆಗೆ ನೋಡಬಹುದಿತ್ತು. ಎಲ್ಲೂ ಖಾಲಿ ಇರಲಿಲ್ಲ. ಪೇಂಟ್ ತೆಳುವಾದರೂ ಪದರ ಎಲ್ಲೂ ಬಿರಿಯುವುದಿಲ್ಲ, ಒಂದು ಅದ್ದು ಸಾಕು ಎಂದು ಲೆಕ್ಕ ಹೇಳಿತ್ತು.

ನಾನು ಆ ಹಾಳೆಗಳನ್ನು ನೋಡಿ ಏನನ್ನೂ ಹೇಳಲಿಲ್ಲ. ಲೆಕ್ಕ ಅಂದ ಮೇಲೆ ಏನೋ ಹೇಗೋ ಸರಿಹೋಗುತ್ತದೆ ಅಂದುಕೊಂಡೆ.

ಆಗಸ್ಟ್ ಕೊನೆಗೆ ಹುಬ್ಬೆ ಮಳೆ ಶುರುವಾದಾಗ ಪ್ರಯೋಗ ಮಾಡಿದರು. ಯಲ್ಲಪ್ಪನ ತೊಟ್ಟಿಗೆ ಮುಚ್ಚಳ ಹಾಕಿ, ಒಂದೇ ಅದ್ದಿನಲ್ಲಿ ಒಂದು ಲಾರಿ ಮಾಲು ತಯಾರಿಸಿದರು. ಸೋಡಾ ನೀರು ಆಗ ಎರಡನೇ ವಾರದ ಕೊನೆಯಲ್ಲಿತ್ತು. ಒಲೆಯಿಂದ ಬಂದ ಡಬ್ಬಿಗಳ ಮೇಲೆ ಸಿಡುಬಿನ ಕಲೆಯ ಹಾಗೆ ಕಣ್ಣುಗಳು. ಒಳ್ಳೆಯವೆಂದು ಆರಿಸಿ ಕಳಿಸಿದವೂ ಗೋದಾಮಿನ ತೇವಕ್ಕೆ ಎಂಟೇ ದಿನದಲ್ಲಿ ತುಕ್ಕಿನ ಚುಕ್ಕೆ ಎದ್ದು ವಾಪಸು ಬಂದವು.

ಮ್ಯಾನೇಜರು ಎಲ್ಲರೆದುರಿಗೇ ಆ ಡಬ್ಬಿಯನ್ನು ವಸುಧಾ ಅವರ ಮುಂದಿಟ್ಟರು. “ಇದೇನಮ್ಮಾ, ನಿಮ್ಮ ಕಂಪ್ಯೂಟರಿಗೆ ಇದು ಕಾಣಿಸಲಿಲ್ವಾ?”

“ನನ್ನ ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಾಗಿದೆ ಸಾರ್. ಸ್ವಲ್ಪ ದಿನ ಕೊಡಿ, ಹುಡುಕ್ತೀನಿ,” ಅಂದರು ಅವರು. ತಗಡಿನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ತಗಡಿನ ವಿಷಯ ನಾನು ಹೇಳಿದ್ದೆನಲ್ಲ.

ಮೂರು ವಾರ ಹುಡುಕಿದರು. ಬೆಳಗಿನ ಬಸ್ಸಿಗೆ ಬೆಂಗಳೂರಿನಿಂದ ಬಂದು, ನೆನೆದ ಕೊಡೆಯನ್ನು ಕ್ಯಾಂಟೀನಿನ ಬಾಗಿಲಲ್ಲಿ ಒರಗಿಸಿ, ಮೂಲೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂರುತ್ತಿದ್ದರು. ಕಂಪ್ಯೂಟರ್ ಮಾಡಿದ ಲೆಕ್ಕವನ್ನು ಕೈಯಲ್ಲಿ ಮತ್ತೆ ಮಾಡುತ್ತಿದ್ದರು, ಒಂದೊಂದೇ ಚೌಕ. ಮೊದಲ ವಾರ ನಮ್ಮ ಜೊತೆ ಮಾತಾಡುತ್ತಿದ್ದವರು ಎರಡನೇ ವಾರ ಟೀ ಆರಿದ್ದೂ ಗಮನಿಸುತ್ತಿರಲಿಲ್ಲ. ನಾನು ಅವರ ಪಕ್ಕದ ಮೇಜಿನಲ್ಲೇ ಮುದ್ದೆ ಉಣ್ಣುತ್ತಿದ್ದೆ.

ಒಂದು ದಿನ ಸೈಕಲ್ಲಿನಲ್ಲಿ ವಾಪಸು ಬರುವಾಗ ಯಲ್ಲಪ್ಪನಿಗೆ ಹೇಳಿದೆ, “ಹೇಳ್ಬುಡ್ಲಾ ಅಂತ ಐತೆ ಕಣ್ಲಾ.”

“ಏನಂತ?”

“ಆ ಇಪ್ಪತ್ತು ತಗಡು ನಾನು ಮನೇಲಿ ಉಜ್ಜಿದ್ದು ಅಂತ.”

ಅವನು ಬ್ರೇಕ್ ಹಿಡಿದು ನಿಂತೇಬಿಟ್ಟ. ಜಡಿಮಳೆ ಹಿಡಿದಿತ್ತು. “ನಿಂಗೇನ್ ತಲೆ ಕೆಟ್ಟೈತಾ? ಆಯಮ್ಮನ ಲೆಕ್ಕ ತಪ್ಪು ಅಂತ ಆಗಿದ್ದಕ್ಕೆ ನನ್ನ ತೊಟ್ಟಿ ಮುಚ್ಚಳ ತೆಗೆದವ್ರೆ. ಲೆಕ್ಕ ಸರಿ ಅಂತಾದ್ರೆ ನಾನೂ ನನ್ನ ಜೊತೆ ಇಬ್ರೂ ಎಲ್ಲಿಗೆ ಹೋಗೋದು? ಪ್ರೆಸ್ಸಿಗಾ? ಅಲ್ಲಿ ಎಷ್ಟು ಜನಕ್ಕೆ ಬೆರಳಿಲ್ಲ ಅಂತ ಎಣಿಸಿದ್ದೀಯಾ?”

ನಾನು ಕಾಲೂರಿ ನಿಂತು ಮುಖದ ಮಳೆನೀರು ಒರೆಸಿಕೊಂಡೆ.

“ಆಯಮ್ಮ ಓದಿದೋಳು ಕಣ್ಲಾ. ಇದಿಲ್ದಿದ್ರೆ ಇನ್ನೊಂದು. ನಮಗೆ ಇದಿಲ್ದಿದ್ರೆ ಇನ್ಯಾವುದ್ಲಾ? ಅದೂ ಇರ್ಲಿ, ಚಾರ್ಜ್‌ಮ್ಯಾನ್ ಆಗೋನು ನೀನು. ನಾನ್ ತೊಳೆದ ಡಬ್ಬೀಲಿ ಎಣ್ಣೆ ಉಳೀತೈತೆ ಅಂತ ನಿನ್ನ ಬಾಯಲ್ಲೇ ಹೇಳ್ತೀಯಾ?”

ಕೊನೆಯ ಮಾತು ಸರಿಯಾದ ಜಾಗಕ್ಕೆ ತಗುಲಿತು. ಯಲ್ಲಪ್ಪನ ಕೆಲಸದ ಚಿಂತೆ ನನಗಿದ್ದದ್ದು ನಿಜ. ಆದರೆ ನನ್ನ ನಾಲಿಗೆಯನ್ನು ಹಿಡಿದದ್ದು ಅದಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇನ್ನೂ ಒಂದು ವಾರ ಸುಮ್ಮನಿದ್ದೆ.

ಒಂದು ಶನಿವಾರ ಮಧ್ಯಾಹ್ನ ವಸುಧಾ ಅವರು ಕಾಗದಗಳನ್ನೆಲ್ಲ ಮಡಿಸಿ ಹಗ್ಗ ಕಟ್ಟುತ್ತಿದ್ದರು. ನನ್ನನ್ನು ನೋಡಿ, “ಇವತ್ತಿಗೆ ಮುಗೀತು ತಿಮ್ಮರಾಯಪ್ಪನವರೇ,” ಅಂದರು.

“ತಪ್ಪು ಸಿಕ್ತಾ ಅಮ್ಮಾ?”

“ಇಲ್ಲ. ಲೆಕ್ಕದಲ್ಲಿ ತಪ್ಪೇ ಇಲ್ಲ. ಹಾಗಾದ್ರೆ ನಾನು ನಂಬಿರೋ ನಿಯಮಾನೇ ತಪ್ಪು. ಈ ದಾರಿ ಆಗಲ್ಲ ಅಂತ ಬರೆದುಕೊಟ್ಟು ಸಂಶೋಧನೆ ಬಿಡ್ತೀನಿ. ನಮ್ಮೂರಲ್ಲಿ ಸ್ಕೂಲಿಗೆ ಟೀಚರ್ ಬೇಕಂತೆ, ಅಪ್ಪ ಬರೆದಿದ್ದಾರೆ.” ಆಮೇಲೆ, ನನಗೆ ಸಮಾಧಾನ ಹೇಳುವವರ ಹಾಗೆ, “ನಿಮ್ಮ ತಗಡು ಮಾತ್ರ ಬಹಳ ಚೆನ್ನಾಗಿತ್ತು,” ಅಂದರು.

ಆ ಮಾತು ಅವರು ಆಡದಿದ್ದರೆ ನಾನು ಬಹುಶಃ ಸುಮ್ಮನೆ ಹೋಗಿಬಿಡುತ್ತಿದ್ದೆ. “ಕಟ್ಟು ಹಾಕ್ಬೇಡಿ ಅಮ್ಮಾ, ಒಂದ್ ನಿಮಿಷ,” ಎಂದು ಶಾಪಿಗೆ ಓಡಿದೆ. ನನ್ನದೇ ತೊಟ್ಟಿಯಿಂದ ತೊಳೆದು ಒಣಗಿ ಬಂದಿದ್ದ ಡಬ್ಬಿಯ ಮುಚ್ಚಳ ಒಂದನ್ನು ಅಂಚು ಹಿಡಿದು ತಂದು ಅವರ ಮುಂದಿಟ್ಟೆ.

“ಇದರ ಮೇಲೆ ಹನಿ ಇಡಿ.”

ಅವರು ಚೀಲದಿಂದ ನಳಿಕೆ ತೆಗೆದು ಇಟ್ಟರು. ಹನಿ ಹರಡಲಿಲ್ಲ. ಹುರುಳಿಕಾಳಿನ ಹಾಗೆ ಎದ್ದು ನಿಂತಿತು. ಪಕ್ಕದಲ್ಲಿ ಇನ್ನೊಂದು ಇಟ್ಟರು. ಅದೂ ನಿಂತಿತು.

“ಇದು ಯಾವ ತೊಟ್ಟಿದು?”

“ನಂದೇ.”

“ಮತ್ತೆ ಆ ಇಪ್ಪತ್ತು?”

“ಅವು ನಮ್ಮನೇಲಿ ತೊಳೆದಿದ್ದು. ಹುಣಸೆಹಣ್ಣು, ಬೂದಿ, ಸೀಗೆಪುಡಿ ಹಾಕಿ.”

ಅವರು ನಳಿಕೆಯನ್ನು ಮೇಜಿನ ಮೇಲಿಟ್ಟರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. “ನಾನು ಕೇಳಿದ್ದೆ ನಿಮ್ಮನ್ನ,” ಅಂದರು. “ದಿನಾ ಹೀಗೇ ಬರ್ತಾವಾ ಅಂತ ಕೇಳಿದ್ದೆ. ಮೂರು ವಾರ, ತಿಮ್ಮರಾಯಪ್ಪನವರೇ. ನನಗೆ ಬುದ್ಧಿ ಇಲ್ಲ ಅಂತ ನಾನೇ ನಂಬಿಬಿಟ್ಟಿದ್ದೆ.”

ಅವರ ಜೊತೆ ಮ್ಯಾನೇಜರ ಕೋಣೆಗೆ ಹೋದೆ. ಸೆಲ್ವರಾಜ್‌ರನ್ನೂ ಕರೆಸಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಂದ್ರೆ ಇಷ್ಟು ವರ್ಷ ನೀನು ಎಣ್ಣೆ ತಗಡು ಕೊಡ್ತಿದ್ದೆ?” ಅಂದರು ಮ್ಯಾನೇಜರು.

“ಹೌದು ಸಾರ್. ಎಲ್ಲಾ ದಿನ ಅಲ್ಲ. ನೀರು ಹಳೇದಾದಾಗ.”

“ನೀರು ಯಾಕೆ ಹಳೇದಾಗುತ್ತೆ?”

ಸೆಲ್ವರಾಜ್ ಕಿಟಕಿಯ ಕಡೆ ನೋಡುತ್ತಿದ್ದರು. ಅವರ ಕಿವಿ ಕೆಂಪಗಾಗಿತ್ತು. “ನಾನು ನೋಡ್ಕೋಬೇಕಾಗಿತ್ತು ಸಾರ್, ನೋಡ್ಲಿಲ್ಲ,” ಅಂದೆ. ತೊಟ್ಟಿ ನನ್ನದು. ಶುಚಿಯ ಹೆಸರನ್ನು ನಾನು ತೆಗೆದುಕೊಂಡಿದ್ದ ಮೇಲೆ ಕೊಳೆಯ ಹೆಸರನ್ನೂ ನಾನೇ ತೆಗೆದುಕೊಳ್ಳಬೇಕಿತ್ತು.

ಚಾರ್ಜ್‌ಮ್ಯಾನ್ ಮಾತು ಅಲ್ಲಿಗೆ ನಿಂತಿತು. ಆಯುಧಪೂಜೆಯ ದಿನ ಬೇರೆಯವರ ಹೆಸರು ಓದಿದರು.

ವಸುಧಾ ಅವರಿಗೆ ಇನ್ನೊಂದು ತಿಂಗಳು ಸಿಕ್ಕಿತು. ಸೋಡಾ ಹೊಸದಾಗಿ ತುಂಬಿದ ದಿನದಿಂದ ಹಿಡಿದು ಎರಡನೇ ವಾರದ ಕೊನೆಯವರೆಗೆ ದಿನಕ್ಕೊಂದು ತಗಡನ್ನು ಅವರೇ ಬಂದು ಸಾಲಿನಿಂದ ತೆಗೆದುಕೊಂಡರು. ಒಂದೊಂದರ ಮೇಲೂ ಹತ್ತಾರು ಕಡೆ ಹನಿ ಇಟ್ಟು ಅಳೆದರು, ಯಾವ ಚೌಕದಲ್ಲಿ ಹನಿ ಎಷ್ಟು ನಿಂತಿತು ಎಂದು. ಈ ಸಲ ಬಂದ ಕಾಗದದಲ್ಲಿ ಮೊದಲ ದಿನಗಳ ಹಾಳೆ ನಕ್ಷತ್ರಗಳಿಂದ ತುಂಬಿತ್ತು. ಐದನೇ ದಿನದಿಂದ ಅಂಚಿನಲ್ಲಿ ಒಂದೆರಡು ಖಾಲಿ. ಕೊನೆಯ ದಿನದ ಹಾಳೆಯನ್ನು ಬಿಚ್ಚಿದಾಗ ನಾನು ಕೂತಲ್ಲಿಂದ ಎದ್ದೆ. ಮೊದಲು ಮೇಲಿನ ಅಂಚಿನಲ್ಲಿ ಒಂದು ತೂತು, ಮುಂದಿನ ಹಾಳೆಯಲ್ಲಿ ಅದು ಅಗಲ, ಆಮೇಲೆ ಪಕ್ಕದಲ್ಲಿ ಇನ್ನೆರಡು, ನಡುವಿನ ಪೇಂಟೆಲ್ಲ ಹಿಂಜರಿದು ಬದುವಿನ ಹಾಗೆ ನಿಂತಿತ್ತು. ಅದೇ ದಿನದ ತಗಡನ್ನು ಅದ್ದಿ ಒಣಗಿಸಿ ಪಕ್ಕದಲ್ಲಿ ಇಟ್ಟಿದ್ದರು. ಕಣ್ಣುಗಳು ಅಲ್ಲಲ್ಲೇ ಇದ್ದವು, ಒಂದೆರಡು ಬೆರಳು ಆಚೀಚೆ. ನನ್ನ ತೊಟ್ಟಿಯನ್ನು ಕಂಡೇ ಇರದ ಒಂದು ಯಂತ್ರ ನನ್ನ ಕೆಲಸದ ಲೋಪವನ್ನು ನಕ್ಷತ್ರದಲ್ಲಿ ಬರೆದು ಕಳಿಸಿತ್ತು. ಮಾವ ಬೆನ್ನಿಗೆ ಹೊಡೆದಾಗ ಆಗುತ್ತಿದ್ದ ನೋವೇ ಆಯಿತು. ಹೊಡೆತ ಸರಿಯಾದ ಕಾರಣಕ್ಕೇ ಬಿದ್ದಿತ್ತು.

ಅವರ ನಿಯಮ ಸರಿಯಾಗಿತ್ತು. ನಾಲ್ಕು ದಿನಕ್ಕೊಮ್ಮೆ ಸೋಡಾ ಬದಲಿಸಿ, ತೇಲುವ ಎಣ್ಣೆಯನ್ನು ಪಾಳಿಗೊಮ್ಮೆ ತೆಗೆದು, ಪ್ರತಿ ಕಂತಿಗೂ ನೀರು ಹುಯ್ದು ನೋಡಿದರೆ ಒಂದು ಅದ್ದು ಸಾಕು ಎಂದು ಬರೆದುಕೊಟ್ಟು ಅವರು ತಮ್ಮ ಸಂಶೋಧನೆಯ ಪುಸ್ತಕ ಮುಗಿಸಿದರು. ಸೆಲ್ವರಾಜ್ ತಾವೇ ಸೋಡಾ ಮೂಟೆಗಳನ್ನು ತರಿಸಿ ನನ್ನ ತೊಟ್ಟಿಯ ಪಕ್ಕ ಜೋಡಿಸಿದರು.

ಯಲ್ಲಪ್ಪನ ತೊಟ್ಟಿಯನ್ನು ಬರಿದು ಮಾಡಿದ ದಿನ ಅಕ್ಟೋಬರ್ ಕೊನೆಯ ಸ್ವಾತಿ ಮಳೆ ಸುರಿಯುತ್ತಿತ್ತು. ಅವನನ್ನೂ ಜೊತೆಯ ಇಬ್ಬರನ್ನೂ ಪ್ರೆಸ್ ಶಾಪಿಗೆ ಹಾಕಿದರು. ಕೆಲಸ ಹೋಗಲಿಲ್ಲ, ಆದರೆ ಅವನು ಹೆದರಿದ್ದ ಜಾಗಕ್ಕೇ ಹೋದ. ಅವತ್ತಿನಿಂದ ನನಗಿಂತ ಕಾಲು ಗಂಟೆ ಮೊದಲೇ ಸೈಕಲ್ಲು ತೆಗೆಯುತ್ತಿದ್ದ. ವಠಾರದಲ್ಲಿ ಎದುರಾದರೆ ನಲ್ಲಿಯ ಕಡೆ ನೋಡುತ್ತಿದ್ದ. ಅವನ ಹೆಂಡತಿ ಮುನಿಯಮ್ಮನ ಜೊತೆ ಮಾತಾಡುವುದನ್ನು ನಿಲ್ಲಿಸಲಿಲ್ಲ, ಅದೊಂದು ಸಮಾಧಾನ. ನಾನು ಒಂದೆರಡು ಸಲ ಕರೆದೆ. ಓಗೊಡಲಿಲ್ಲ. ಕ್ಷಮೆ ಕೇಳಬೇಕೆಂದರೆ ಏನಂತ ಕೇಳುವುದು? ನಿಜ ಹೇಳಿದ್ದಕ್ಕೆ ಎಂದೇ? ತಡವಾಗಿ ಹೇಳಿದ್ದಕ್ಕೆ ಎಂದೇ? ಸುಳ್ಳನ್ನು ನಾನು ಆಡಿದ್ದಕ್ಕೆ ದಂಡ ಅವನು ಕಟ್ಟಿದ್ದ. ದಿನಾ ಅವನ ಹತ್ತು ಬೆರಳುಗಳನ್ನು ದೂರದಿಂದ ನೋಡಿಕೊಂಡು ನನ್ನ ಕೆಲಸಕ್ಕೆ ಹೋಗುತ್ತಿದ್ದೆ.

ಮಳೆ ನಿಂತು ರಾಗಿ ಕುಯ್ಲು ಶುರುವಾಗಿತ್ತು. ಒಂದು ದಿನ ಪ್ರೆಸ್ಸಿನಿಂದ ಬಂದ ಡಬ್ಬಿಗಳ ಗಾಡಿಯನ್ನು ಬೇರೆ ಯಾರೋ ಅಲ್ಲ, ಯಲ್ಲಪ್ಪನೇ ತಳ್ಳಿಕೊಂಡು ಬಂದ. ಡಬ್ಬಿಗಳನ್ನು ಮುಟ್ಟಿದೆ. ಎಂದಿನಂತೆ ಕೈಗೆ ಎಣ್ಣೆ ಮೆತ್ತಲಿಲ್ಲ. ಗೋಣಿಯಲ್ಲಿ ಒಂದೊಂದನ್ನೂ ಒರೆಸಿದ ಗುರುತಿತ್ತು.

ಅವನು ಗಾಡಿಯ ಹಿಡಿಯನ್ನು ಬಿಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

“ಎಣ್ಣೆ ಅರ್ಧಕ್ಕರ್ಧ ನಾನೇ ತೆಗ್ದಿದ್ದೀನಿ ಕಣ್ಲಾ,” ಅಂದ. “ಇನ್ಮೇಲಾದ್ರೂ ತೊಳೆಯೋದು ಕಲಿ.”

ಪೇಂಟ್ ಶಾಪಿನವರೆಲ್ಲ ಕೇಳಿಸಿಕೊಂಡರು. ಹಿಂದೆ ಆಗಿದ್ದರೆ ಆ ಮಾತಿಗೆ ನಾನು ಏನು ಮಾಡುತ್ತಿದ್ದೆನೋ. ಅವತ್ತು, “ಕಲೀತೀನಿ,” ಅಂದೆ.